ನೀರಿಗೆ ಬಿಡುವ ಮುನ್ನ ಒಂದು ಫೋಟೋ

ಎಪ್ಪತ್ತರ ದಶಕದ ನಮ್ಮ ಮೀನಿನ ಫೋಟೋಗಳನ್ನು ನೋಡಿದವರು ಸಾಮಾನ್ಯವಾಗಿ ಮೂರು ಮಾತು ಹೇಳುತ್ತಾರೆ. ಆಗ ಮೀನು ದೊಡ್ಡದಿತ್ತು. ಜನ ಒಳ್ಳೆಯವರಿದ್ದರು. ಬಲೆಗೆ ಬಿದ್ದ ತಾಯಿ ಮೀನನ್ನು ಒಂದು ಫೋಟೋ ತೆಗೆದು ಮತ್ತೆ ನೀರಿಗೇ ಬಿಡುತ್ತಿದ್ದರು. ನಿವೃತ್ತರ ಕೂಟಗಳಲ್ಲಿ ಈ ಮಾತಿಗೆ ಚಪ್ಪಾಳೆಯೂ ಬೀಳುತ್ತದೆ. ಚನ್ನಗಿರಿ, ಹೊನ್ನಾಳಿ ಕಡೆಯ ಆ ಫೋಟೋಗಳಲ್ಲಿ ಬಹುಪಾಲು ತೆಗೆದವನು ನಾನು. ಆದ್ದರಿಂದ ಪ್ರತಿವಾದ ಹೂಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೊದಲನೆಯದು ಬರೀ ಕೈಚಳಕ. ಗೋವಿನಕೋವಿಯ ಹೊಳೆದಂಡೆಯಲ್ಲಿ ಗಾಳ ಹಾಕುತ್ತಿದ್ದ ಒಬ್ಬರು ನನಗಿದನ್ನು ಕಲಿಸಿದರು. ಮೀನನ್ನು ಎದೆಗೆ ಒತ್ತಿ ಹಿಡಿದರೆ ಅದು ಇದ್ದಷ್ಟೇ ಕಾಣುತ್ತದೆ. ಎರಡೂ ಕೈ ಚಾಚಿ ಕ್ಯಾಮೆರಾದ ಮೂಗಿಗೆ ತಾಗುವಂತೆ ಹಿಡಿದರೆ ಹಿಡಿದವನಿಗಿಂತ ಮೀನೇ ಭರ್ಜರಿಯಾಗಿ ಕಾಣುತ್ತದೆ. ಎರಡನೆಯ ಮಾತಿಗೆ ಸಾಕ್ಷಿ ಇಲ್ಲ. ಒಳ್ಳೆಯವರು ಆಗಲೂ ಇದ್ದರು, ಈಗಲೂ ಇದ್ದಾರೆ, ಯಾರೂ ಎಣಿಸಿಲ್ಲ. ಮೂರನೆಯದನ್ನು ಮಾತ್ರ ವಿಚಾರಿಸಬೇಕು. ಫೋಟೋದಲ್ಲಿ ಮೀನು ಮನುಷ್ಯನ ಕೈಯಲ್ಲಿದೆ. ಬಿಟ್ಟದ್ದು ಅದರಲ್ಲಿ ಎಲ್ಲಿದೆ?

ಈ ಪ್ರಶ್ನೆಯನ್ನು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಕೇಳಿದೆ. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಒಂದೆರಡು ಕಪ್ಪು ಗೆದ್ದು ಬಂದ ಹುಡುಗ. ಎದುರಿಗಿದ್ದವರು ತೀರ್ಪುಗಾರರೋ ಮೇಲಧಿಕಾರಿಯೋ ಎಂಬ ವ್ಯತ್ಯಾಸ ಇನ್ನೂ ತಿಳಿದಿರಲಿಲ್ಲ. ಕೆಲಸ ಮೀನುಗಾರಿಕೆ ಇಲಾಖೆಯದು, ಅಂದರೆ ಸೈಕಲ್ ಮೇಲೆ ಕೆರೆ ಕೆರೆ ಸುತ್ತುವುದು. ಮೇಲಧಿಕಾರಿ ವೀರಭದ್ರಪ್ಪ ಸಾಹೇಬರು. ಅವರ ನಿಯಮ ಸರಳವಾಗಿತ್ತು. ಮುಂಗಾರು ಬಿದ್ದ ಮೇಲೆ ಮರಿ ಮಾಡಿಸಲು ಮೊಟ್ಟೆ ತುಂಬಿದ ತಾಯಿ ಮೀನು ಬೇಕು. ಬೇಸಿಗೆಯಲ್ಲೇ ಅವನ್ನೆಲ್ಲ ಹಿಡಿದು ಮಾರಿದರೆ ಮಳೆಗಾಲಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ಬಲೆಗೆ ಬಿದ್ದ ದೊಡ್ಡ ಹೆಣ್ಣು ಮೀನನ್ನು ಅಳೆದು, ಫೋಟೋ ತೆಗೆದು, ಬಿಟ್ಟುಬಿಡಬೇಕು.

"ಫೋಟೋ ಯಾಕೆ ಸಾರ್?" ಎಂದೆ.

"ಪುರಾವೆ ಬೇಕಲ್ಲಯ್ಯ. ಹಿಂದೆ ಬಿಟ್ಟೆವು ಅಂತ ಬಾಯಲ್ಲಿ ಹೇಳೋರು, ಸಾಯಂಕಾಲ ಸಾರಿನ ವಾಸನೆ ಬರ್ತಿತ್ತು."

"ಫೋಟೋ ಹಿಡಿದದ್ದಕ್ಕೆ ಪುರಾವೆ ಸಾರ್, ಬಿಟ್ಟದ್ದಕ್ಕಲ್ಲ. ಸಾರು ಮಾಡೋಕೂ ಮೊದಲು ಹಿಡೀಲೇಬೇಕಲ್ಲ."

ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಬೈಯಲಿಲ್ಲ. ಬೀರುವಿನಿಂದ ಡಬ್ಬಿಯಂಥ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟರು. "ಹಂಗಾದ್ರೆ ಇದನ್ನ ನೀನೇ ಹಿಡಿ. ಬಿಟ್ಟದ್ದೂ ಕಾಣೋ ಹಂಗೆ ತೆಗಿ, ನೋಡೋಣ."

ಈಗ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಇದೊಂದು ಮಾತು. ಕಚೇರಿಯಲ್ಲಿ ನೀವು ಎತ್ತಿದ ಆಕ್ಷೇಪಣೆ ಸರಿಯಾಗಿದ್ದರೆ ಅದನ್ನು ಸರಿಪಡಿಸುವ ಕೆಲಸ ನಿಮ್ಮ ತಲೆಗೇ ಬರುತ್ತದೆ. ನನಗೆ ಹಾಗೆ ಬಂದದ್ದರಿಂದ ನಷ್ಟವೇನೂ ಆಗಲಿಲ್ಲ. ಹತ್ತು ಹನ್ನೆರಡು ವರ್ಷ ಖುಷಿಯಾಗಿ ಕಳೆದವು.

ಶುರುವಿನಲ್ಲಿ ಖುಷಿ ಇರಲಿಲ್ಲ. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು, ಆ ಕಡೆಯ ಸವಳಂಗದ ಹತ್ತಿರ ಒಂದು ಕೆರೆಯಲ್ಲಿ ಬಲೆ ಎಳೆಸಿದೆವು. ಚೆಂದದ ಕಾಟ್ಲಾ ಮೀನು ಬಿತ್ತು, ಹೊಟ್ಟೆ ತುಂಬ ಮೊಟ್ಟೆ. ಏರಿಯ ಮೇಲೆ ಊರಿನ ಪಂಚಾಯಿತಿ ಅಧ್ಯಕ್ಷರು ನಿಂತಿದ್ದರು. ಕ್ಯಾಮೆರಾ ಕಂಡದ್ದೇ ಕೆಳಗಿಳಿದು ಬಂದರು.

"ತಡೀರಿ, ಮೀನು ನಾನು ಹಿಡ್ಕೊಂತೀನಿ. ಏ, ಮನೆಗೋಗಿ ನನ್ನ ಕರೀ ಕೋಟು ತಗಂಬಾ."

"ಕೋಟು ಬೇಡ ಬಿಡ್ರಿ, ಮೀನಿಗೆ ತಡ ಆಗ್ತದೆ," ಎಂದೆ.

"ಏನ್ರೀ, ಫೋಟೋ ಅಂದ್ರೆ ಹಂಗೇ ಬನಿಯನ್ನಾಗೆ ನಿಂತ್ಕಬೇಕಾ?"

ಆ ಕಾಲದಲ್ಲಿ ನಮ್ಮ ಕಡೆ ಫೋಟೋ ಎಂದರೆ ಮದುವೆಗೊಂದು, ಗೋಡೆಗೊಂದು. ಒಗೆದ ಅಂಗಿ, ಬಾಚಿದ ತಲೆ, ನೆಟ್ಟ ಕುತ್ತಿಗೆ. ಕೋಟು ಬಂತು. ಗುಂಡಿ ಹಾಕಿದರು. ಬಾಚಣಿಗೆ ಯಾರ ಜೇಬಿನಲ್ಲಿದೆ ಎಂದು ಹುಡುಕಿದರು. ಬಲೆಯವನೊಬ್ಬ ಅಷ್ಟೂ ಹೊತ್ತು ಮೀನನ್ನು ಬಿಸಿಲಲ್ಲಿ ತಬ್ಬಿ ನಿಂತಿದ್ದ. ಫೋಟೋ ಬಹಳ ಚೆನ್ನಾಗಿ ಬಂತು. ನೀರಿಗೆ ಬಿಟ್ಟ ಮೀನು ಒಂದು ಸಲ ಬಾಲ ಬಡಿದು, ಹೊಟ್ಟೆ ಮೇಲೆ ಮಾಡಿ ತೇಲಿತು.

ಅಧ್ಯಕ್ಷರಿಗೆ ಬೇಸರವಾಗಲಿಲ್ಲ. "ನಾವು ಬಿಟ್ಟೀವಿ. ಈಜೋದು ಬಿಡೋದು ಅದರ ಹಣೆಬರ."

ವಾದದ ದೃಷ್ಟಿಯಿಂದ ಅವರದು ನಿಯಮಕ್ಕೆ ಸರಿಯಾಗಿಯೇ ಇತ್ತು. ಹಿಡಿದಾಯಿತು, ಫೋಟೋ ಆಯಿತು, ಬಿಟ್ಟಾಯಿತು. ಸಾಹೇಬರು ಆ ಫೋಟೋ ನೋಡಿ, "ಕೋಟು ಚೆನ್ನಾಗೈತೆ," ಎಂದಷ್ಟೇ ಹೇಳಿ ಪಕ್ಕಕ್ಕಿಟ್ಟರು. ಅಂದಿನಿಂದ ನಾನು ಫೋಟೋದಲ್ಲಿ ಮನುಷ್ಯರನ್ನು ಸೇರಿಸುವುದನ್ನೇ ನಿಲ್ಲಿಸಿದೆ. ಒದ್ದೆ ಗೋಣಿತಟ್ಟನ್ನು ತೊಟ್ಟಿಲಿನಂತೆ ನೀರಿನಲ್ಲೇ ಇಬ್ಬರು ಹಿಡಿಯಬೇಕು, ಮೀನು ಅದರಲ್ಲಿ ಅರ್ಧ ಮುಳುಗಿ ಮಲಗಿರಬೇಕು, ಪಕ್ಕದಲ್ಲಿ ಗೆರೆ ಹಾಕಿದ ಮರದ ಪಟ್ಟಿ ಇರಬೇಕು, ನಾನು ಮೇಲಿನಿಂದ ತೆಗೆಯಬೇಕು.

ಮೊದಲ ರೀಲು ತೊಳೆಸಲು ಹೊನ್ನಾಳಿಯ ಸ್ಟುಡಿಯೋಗೆ ಕೊಟ್ಟೆ. ಸ್ಟುಡಿಯೋದವರು ಪ್ರಿಂಟುಗಳನ್ನು ಒಂದೊಂದಾಗಿ ಹರಡಿ, "ಸಾರ್, ಮೋಡದ ಫೋಟೋ ತೆಗೆಯಾಕೆ ಇಷ್ಟು ದೂರ ಹೋಗಿದ್ರಾ?" ಎಂದರು. ನೀರಿನ ಮೇಲಿನ ಹೊಳಪಿನಲ್ಲಿ ಆಕಾಶ ಬಿದ್ದಿತ್ತು, ಮೀನು ಇರಲಿಲ್ಲ. ಕೊನೆಗೆ ಹೊಳಪು ಮುರಿಯಲು ಮೀನಿನ ಮೇಲೆ ಕರಿ ಕೊಡೆ ಹಿಡಿಯಬೇಕು ಎಂದು ಅವರೇ ಹೇಳಿಕೊಟ್ಟರು.

ಆ ಕೊಡೆ ಹಿಡಿದವಳು ಕೆಂಚಮ್ಮ. ಚನ್ನಗಿರಿ ತಾಲ್ಲೂಕಿನ ಒಂದು ಕೆರೆಯ ಮೀನುಗಾರರ ಸಂಘದ ಮುಖಂಡ ಹನುಮಂತಣ್ಣನ ಹೆಂಡತಿ. ಕೆರೆಯ ಹೆಸರು ಬೇಡ, ಮುಂದೆ ಬರುವ ಜಗಳದವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಇದ್ದಾರೆ. ಗಂಡ ಹಿಡಿದ ಮೀನನ್ನು ಬುಟ್ಟಿಯಲ್ಲಿ ಹೊತ್ತು ಸಂತೆಯಲ್ಲಿ ಮಾರುತ್ತಿದ್ದವಳು ಇವಳೇ, ಹಾಗಾಗಿ ಪ್ರತಿ ದೊಡ್ಡ ಮೀನನ್ನು ಬಿಡುವಾಗಲೂ ಅವಳ ಮುಖ ನೋಡುವಂತಿರುತ್ತಿತ್ತು.

"ನನ್ನ ಮದುವೇಲೂ ಯಾರೂ ನನಗೆ ಹಿಂಗೆ ಕೊಡೆ ಹಿಡೀಲಿಲ್ಲ," ಎನ್ನುತ್ತಿದ್ದಳು ಮೀನಿನ ಮೇಲೆ ಬಾಗಿ.

"ನೀನು ಇಷ್ಟು ಸುಮ್ಕೆ ಮಲಗಿದ್ರೆ ನಾನೂ ಹಿಡೀತಿದ್ದೆ," ಎನ್ನುತ್ತಿದ್ದ ಹನುಮಂತಣ್ಣ.

ಹನುಮಂತಣ್ಣ ನನಗಿಂತ ಹದಿನೈದು ವರ್ಷವಾದರೂ ದೊಡ್ಡವನು. ನನ್ನನ್ನು 'ಸಣ್ ಸಾಹೇಬ್ರು' ಎಂದು ಕರೆಯುತ್ತಿದ್ದ. ಅದರಲ್ಲಿ ಮರ್ಯಾದೆ ಎಷ್ಟು, ಚುಚ್ಚು ಎಷ್ಟು ಎಂದು ಬಿಡಿಸಲಾಗುತ್ತಿರಲಿಲ್ಲ. ನಾನು ಅವನೊಂದಿಗೂ ಅದೇ ವಾದ ಹೂಡುತ್ತಿದ್ದೆ. ನಾನು ಬರುವುದು ಅಪರೂಪಕ್ಕೊಂದು ದಿನ. ಬಲೆ ಬೀಳುವುದು ದಿನವೂ. ನಾನು ಬಂದ ದಿನ ತಾಯಿ ಮೀನು ನೀರಿಗೆ ಹೋಗುತ್ತದೆ, ಸರಿ. ಮಿಕ್ಕ ದಿನ?

"ಮಿಕ್ಕ ದಿನಾನೂ ಬರ್ರಿ ಹಂಗಾರೆ," ಎನ್ನುತ್ತಿದ್ದ. ಅದು ಉತ್ತರವಲ್ಲ ಎಂದು ಅವನಿಗೂ ಗೊತ್ತಿತ್ತು.

ಒಂದು ದಿನ ಏರಿಯ ಮೇಲೆ ಚಹಾ ಕುಡಿಯುತ್ತ, ಊರಿನ ನಾಲ್ಕು ಜನರ ಎದುರಿಗೇ, ನಾನು ಸಾಹೇಬರಿಗೆ ಮತ್ತೆ ಹೇಳಿದೆ: ಸಾರ್, ನಮ್ಮ ಫೋಟೋ ಬಿಟ್ಟದ್ದಕ್ಕೆ ಸಾಕ್ಷಿಯೇ ಅಲ್ಲ. ಸಾಹೇಬರಿಗೆ ರೇಗಿತು. "ಬಿಟ್ಟದ್ದನ್ನ ಇನ್ನು ಆ ಮೀನೇ ಬಂದು ಹೇಳ್ಬೇಕೇನಯ್ಯ?"

ಸೈಕಲ್ ತುಳಿದು ವಾಪಸು ಬರುವಾಗ ದಾರಿಯುದ್ದಕ್ಕೂ ಆ ಮಾತೇ ತಲೆಯಲ್ಲಿ ತಿರುಗಿತು. ಬೈಗುಳವನ್ನು ಪಕ್ಕಕ್ಕಿಟ್ಟರೆ ಅದರಲ್ಲಿ ಸಲಹೆ ಇತ್ತು. ಮೀನೇ ಬಂದು ಹೇಳಬಹುದು, ಗುರುತು ಇದ್ದರೆ. ಮುಂದಿನ ಸಲ ಹೊಲಿಗೆಯವರ ಸಣ್ಣ ಕತ್ತರಿ ಒಯ್ದೆ. ಮೀನಿನ ಹೊಟ್ಟೆಯ ಕೆಳಗೆ ಎಡಕ್ಕೊಂದು ಬಲಕ್ಕೊಂದು ಪುಟ್ಟ ರೆಕ್ಕೆ ಇರುತ್ತದೆ. ಬಲಗಡೆಯದರ ತುದಿಯನ್ನು ನೇರವಾಗಿ ಕತ್ತರಿಸಿ, ಕತ್ತರಿಸಿದ್ದು ಕಾಣುವಂತೆ ಫೋಟೋ ತೆಗೆದು, ಬಿಟ್ಟೆ. ಇನ್ನೊಮ್ಮೆ ಬಲೆಗೆ ಬಿದ್ದರೆ ಬಿಟ್ಟದ್ದು ನಿಜವಾಯಿತು.

ಕೆಂಚಮ್ಮ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯೋ ಶಿವನೇ, ರೆಕ್ಕೆ ಕತ್ತರಿಸಿ ಈಜು ಅಂದ್ರೆ ಹೆಂಗೆ ಈಜ್ತೈತೆ?"

"ಉಗುರು ತೆಗೆದಂಗೆ ಕಣಮ್ಮ. ಮತ್ತೆ ಬೆಳೀತದೆ."

ಹನುಮಂತಣ್ಣ ಕತ್ತರಿಯನ್ನು ಕೈಗೆ ತಗೊಂಡು, ಎರಡು ಸಲ ಗಾಳಿಯಲ್ಲಿ ಆಡಿಸಿ, ವಾಪಸು ಕೊಟ್ಟ. 

ಆ ವರ್ಷ ಇಡೀ ಹೀಗೆ ಗುರುತು ಹಾಕಿದೆ. ಒಂದೂ ಮರಳಿ ಬಲೆಗೆ ಬೀಳಲಿಲ್ಲ. ಕೆರೆ ದೊಡ್ಡದು, ಮೀನಿಗೆ ಬುದ್ಧಿ ಇರುತ್ತದೆ ಎಂದು ಒಂದು ಪಕ್ಷ. ಸಂತೆ ಹತ್ತಿರ ಎಂದು ಇನ್ನೊಂದು ಪಕ್ಷ. ನಾನು ಎರಡನೆಯ ಪಕ್ಷದ ಕಡೆಗೇ ವಾಲಿದ್ದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಮುಂದಿನ ಬೇಸಿಗೆಯಲ್ಲಿ ಸಂಘದ ಕೆರೆ ಗುತ್ತಿಗೆ ಮುಂದುವರಿಸುವ ಸಮಯ ಬಂತು. ಅದಕ್ಕೆ ಎರಡು ವಾರ ಮೊದಲು ಚಂದ್ರಣ್ಣ ಎಂಬ ಗುತ್ತಿಗೆದಾರರು ಸಾಹೇಬರಿಗೆ ಒಂದು ಅರ್ಜಿ ಕೊಟ್ಟರು. ಸಂಘದವರು ತಾಯಿ ಮೀನಿಗೆ ಫೋಟೋ ತೆಗೆಸಿಕೊಂಡು ನಂತರ ಸಂತೆಗೆ ಸಾಗಿಸುತ್ತಾರೆ, ಆದ್ದರಿಂದ ಕೆರೆಯನ್ನು ಬಹಿರಂಗ ಹರಾಜಿಗೆ ಇಡಬೇಕು ಎಂದು ಅದರ ಸಾರಾಂಶ. ಹರಾಜಾದರೆ ಕೆರೆ ಚಂದ್ರಣ್ಣನವರದೇ ಎಂದು ಎಲ್ಲರಿಗೂ ತಿಳಿದಿತ್ತು. ಹನುಮಂತಣ್ಣನ ಕೇರಿಯವರಿಗೆ ಹೊಲ ಇರಲಿಲ್ಲ. ಆ ನೀರು ಬಿಟ್ಟರೆ ಬೇರೆಯವರ ಹೊಲದಲ್ಲಿ ಕೂಲಿ, ಅಷ್ಟೆ.

ಸಾಹೇಬರು ಅರ್ಜಿಯ ಕೊನೆಯ ಸಾಲಿಗೆ ಬೆರಳಿಟ್ಟು ನನಗೆ ಓದಲು ಹೇಳಿದರು. ಫೋಟೋ ಎಂಬುದು ಬಿಟ್ಟದ್ದಕ್ಕೆ ಸಾಕ್ಷಿಯಲ್ಲವೆಂದು ತಮ್ಮ ಸಿಬ್ಬಂದಿಯೇ ಕೆರೆ ಏರಿಯ ಮೇಲೆ ನಾಲ್ಕು ಜನರೆದುರು ಒಪ್ಪಿರುತ್ತಾರೆ.

"ನಿನ್ನ ವಾದ ಚಂದ್ರಣ್ಣಂಗೆ ಭಾಳ ಹಿಡಿಸೈತೆ," ಎಂದರು ಸಾಹೇಬರು.

ಚರ್ಚಾ ಸ್ಪರ್ಧೆಯಲ್ಲಿ ನಮ್ಮ ಮಾತನ್ನೇ ಎದುರಾಳಿ ಎತ್ತಿ ಆಡಿದರೆ ಸಭೆ ನಗುತ್ತದೆ, ನಾವೂ ನಗುತ್ತೇವೆ, ಗಂಟೆ ಬಾರಿಸುತ್ತಾರೆ, ಕಾಫಿ ಕುಡಿದು ಮನೆಗೆ ಹೋಗುತ್ತೇವೆ. ಇಲ್ಲಿ ಮನೆಗೆ ಹೋಗಬೇಕಾಗಿದ್ದವರು ಬೇರೆಯವರು. ವಾದವೊಂದು ಸರಿಯಾಗಿದ್ದೂ ತಪ್ಪು ಕೈಗೆ ಸಿಕ್ಕರೆ ಏನು ಮಾಡುತ್ತದೆ ಎಂದು ಯಾವ ಕಪ್ಪೂ ನನಗೆ ಕಲಿಸಿರಲಿಲ್ಲ.

ಸಾಹೇಬರು ಎಲ್ಲರೆದುರು ಬಲೆ ಎಳೆಸಲು ದಿನ ಗೊತ್ತುಮಾಡಿದರು. ಗುರುತಿನ ಮೀನು ಸಿಕ್ಕರೆ ಸರಿ, ಇಲ್ಲವಾದರೆ ಹರಾಜು. ಅಂದು ಏರಿಯ ತುಂಬ ಜನ. ಚಂದ್ರಣ್ಣ ಪಂಚೆ ಎತ್ತಿ ಕಟ್ಟಿ ನೀರಿನ ಅಂಚಿಗೇ ಬಂದು ನಿಂತರು. ಹರಿಗೋಲಿನಲ್ಲಿ ಹನುಮಂತಣ್ಣ ಮತ್ತು ಅವನ ಜೊತೆಯವರು ಬಲೆ ಬಿಟ್ಟು ಬಂದು ಎರಡೂ ಕಡೆಯಿಂದ ಎಳೆದರು. ಮೊದಲ ಎಳೆತದಲ್ಲಿ ಬರೀ ಸಣ್ಣ ಮೀನು. ಎರಡನೆಯದರಲ್ಲಿ ದೊಡ್ಡವಿದ್ದವು, ಗುರುತು ಇರಲಿಲ್ಲ. ಕೆಂಚಮ್ಮ ಮಡಚಿದ ಕೊಡೆಯನ್ನು ಎದೆಗವಚಿಕೊಂಡು ಕೂತಿದ್ದಳು. ಅವಳು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಆವತ್ತೊಂದೇ ದಿನ.

ಮೂರನೆಯ ಎಳೆತದಲ್ಲಿ ಒಂದು ರೋಹು ಮೀನಿನ ಹೊಟ್ಟೆಯ ಕೆಳಗೆ ಕೈಯಾಡಿಸಿದ ಹನುಮಂತಣ್ಣ ಅಲ್ಲೇ ನಿಂತ. "ಸಣ್ ಸಾಹೇಬ್ರೆ, ಬರ್ರಿ ಇಲ್ಲಿ."

ಬಲಗಡೆಯ ರೆಕ್ಕೆ ಮೊಂಡಾಗಿತ್ತು.

ಚಂದ್ರಣ್ಣ ಕಾಯುತ್ತಿದ್ದವರಂತೆ ಹೇಳಿದರು: "ಬಲೆ ಒಳಗೆ ಇವತ್ತೇ ಕತ್ತರಿ ಆಡಿಸಿದ್ರೆ ಯಾರಿಗೆ ಗೊತ್ತಾಗ್ತೈತ್ರಿ?"

ಒಳ್ಳೆಯ ಪ್ರಶ್ನೆ. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ಚೀಲದಿಂದ ಹಿಂದಿನ ವರ್ಷ ಬಿಟ್ಟ ರೋಹುವಿನ ಫೋಟೋ ತೆಗೆದೆ. ಅದರಲ್ಲಿ ರೆಕ್ಕೆಯ ಅಂಚು ಬಟ್ಟೆ ಕತ್ತರಿಸಿದಷ್ಟು ನೇರವಾಗಿತ್ತು. ಗೋಣಿತಟ್ಟಿನಲ್ಲಿ ಮಲಗಿದ್ದ ಮೀನಿನ ರೆಕ್ಕೆ ತುದಿಯಲ್ಲಿ ಬಿಳಿಚಿಕೊಂಡ ಹೊಸ ಎಳೆಗಳು ಅಂಕುಡೊಂಕಾಗಿ ಬೆಳೆದಿದ್ದವು. ಬೆಳಿಗ್ಗೆ ಕತ್ತರಿಸಿದ ಉಗುರು ಮಧ್ಯಾಹ್ನಕ್ಕೆ ಬೆಳೆಯುವುದಿಲ್ಲ. ಸಾಹೇಬರು ಫೋಟೋವನ್ನೂ ಮೀನನ್ನೂ ಎರಡೆರಡು ಸಲ ನೋಡಿದರು. ಫೋಟೋ ಜನರ ಕೈಯಿಂದ ಕೈಗೆ ಹೋಯಿತು. ಒಂದೇ ಫೋಟೋ ಇದ್ದಾಗ ಅದು ಬರೀ ಹೇಳಿಕೆ; ಅದೇ ಮೀನು ಮತ್ತೆ ಎದುರಿಗೆ ಬಂದು ಮಲಗಿದ ಮೇಲೆ ಅದು ಸಾಕ್ಷಿಯಾಯಿತು. ಈ ಕೆಲಸದಲ್ಲಿ ನಾನು ಕಲಿತದ್ದನ್ನೆಲ್ಲ ಹಿಂಡಿದರೆ ಉಳಿಯುವುದು ಇಷ್ಟೇ.

ಅಲ್ಲಿಗೆ ಮುಗಿಯಬೇಕಿತ್ತು. ಚಂದ್ರಣ್ಣ ಬಿಡುವ ಆಸಾಮಿಯಲ್ಲ. ಬಲೆಯಲ್ಲಿದ್ದ ಮಿಕ್ಕ ಮೀನುಗಳನ್ನು ತಾವೇ ಹೊರಳಿಸಿ ನೋಡುತ್ತ ಒಂದನ್ನು ಎತ್ತಿ ಹಿಡಿದರು. "ಇದ್ಯಾವ್ದ್ರಿ? ಇದರ ಎಡಗಡೇದು ಕತ್ತರಿಸೈತೆ. ಇಲ್ಲೊಂದು ನೋಡ್ರಿ, ಇದೂ ಎಡಗಡೆ."

ಸಾಹೇಬರು ನನ್ನ ಕಡೆ ತಿರುಗಿದರು. "ನಿಂದೇನಯ್ಯ?"

ನಾನು ಎಡಗಡೆಯದನ್ನು ಎಂದೂ ಮುಟ್ಟಿರಲಿಲ್ಲ. "ಅಲ್ಲ ಸಾರ್," ಎಂದೆ. ಆ ಎರಡು ಪದ ಹೇಳುವಾಗ ಕೆಂಚಮ್ಮನ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

"ಅದು ನಮ್ದು ಸಾರ್," ಎಂದ ಹನುಮಂತಣ್ಣ, ಸೊಂಟದಷ್ಟು ನೀರಿನಲ್ಲಿ ನಿಂತೇ. "ಇವರು ಬರದ ದಿನ ಬಿದ್ದವು."

ಸಾಹೇಬರು ಆ ಎರಡೂ ಮೀನಿನ ರೆಕ್ಕೆ ಹರಡಿ ನೋಡಿದರು. ಅವುಗಳ ತುದಿಯೂ ಬೆಳೆದು ಡೊಂಕಾಗಿತ್ತು. ಅರ್ಜಿ ಬಂದು ಎರಡು ವಾರ. ಇವು ತಿಂಗಳುಗಟ್ಟಲೆ ಹಳೆಯವು. "ಅರ್ಜಿಗಿಂತ ಈ ಮೀನೇ ಹಳೇದು ಚಂದ್ರಣ್ಣ," ಎಂದು ಅವರು ಎದ್ದು ನಿಂತು ಕೈ ತೊಳೆದರು. ಕೆರೆ ಸಂಘಕ್ಕೇ ಉಳಿಯಿತು.

ಚಂದ್ರಣ್ಣನವರ ಬಗ್ಗೆಯೂ ಒಂದು ಒಳ್ಳೆಯ ಮಾತು ಹೇಳಬೇಕು. ಸೋತ ಮೇಲೆ ಮುಖ ಗಂಟು ಹಾಕಿಕೊಳ್ಳಲಿಲ್ಲ. ಚಪ್ಪಲಿ ಮೆಟ್ಟುತ್ತ ಕೆಂಚಮ್ಮನ ಬುಟ್ಟಿಯ ಹತ್ತಿರ ನಿಂತು, "ಒಂದು ಒಳ್ಳೇದು ನೋಡಿ ಕೊಡವ್ವ, ಬಂದಿದ್ದಕ್ಕೆ," ಎಂದರು.

"ಮೀನು ಬೇಕೋ, ಫೋಟೋ ಸಾಕೋ?" ಎಂದಳು ಕೆಂಚಮ್ಮ. ಏರಿಯೇ ನಕ್ಕಿತು. ಅವರೂ ನಕ್ಕರು.

ನನಗೆ ಮಾತ್ರ ಆ ಎಡಗಡೆಯ ರೆಕ್ಕೆ ತಲೆಯಿಂದ ಹೋಗಲಿಲ್ಲ. ಎರಡರಲ್ಲೊಂದು ಇರಬೇಕು. ಒಂದು: ನಾನಿಲ್ಲದ ದಿನವೂ ಅವನು ತಾಯಿ ಮೀನನ್ನು ಬಿಡುತ್ತಿದ್ದ, ತನ್ನ ತಿಳಿವಳಿಕೆಗೆಂದು ಬೇರೆ ಕಡೆ ಗುರುತು ಹಾಕುತ್ತಿದ್ದ. ಎರಡು: ಈ ಅನುಮಾನದ ಹುಡುಗ ಎಂದಾದರೊಂದು ದಿನ ಕಾಣಲಿ ಎಂದು ಒಂದೆರಡಕ್ಕೆ ಗುರುತು ಹಾಕಿ ಬಿಟ್ಟು, ಮಿಕ್ಕದ್ದನ್ನು ಸಂತೆಗೆ ಕಳಿಸುತ್ತಿದ್ದ. ಎರಡನೆಯದು ನಿಜವಾದರೂ ತೋರಿಕೆಗೆ ಬಿಟ್ಟ ಮೀನು ಕೆರೆಯಲ್ಲಿ ಈಜುತ್ತಿತ್ತು, ಅದನ್ನು ಅಲ್ಲಗಳೆಯಲಾಗದು. ಸಾಹೇಬರ ಮುಂದೆ ಇಷ್ಟನ್ನೂ ಇಟ್ಟಾಗ, "ಅವನನ್ನೇ ಕೇಳು," ಎಂದು ಫೈಲು ಮುಚ್ಚಿದರು. ಕೇಳುವ ಮೊದಲೇ ನನಗೆ ಜಗಳೂರಿಗೆ ವರ್ಗವಾಯಿತು.

ಜಗಳೂರಿನಲ್ಲಿ ನಿಯಮ ಅದೇ, ನೀರು ಬೇರೆ. ಅಲ್ಲಿನ ಕೆರೆಗಳು ತುಂಬಿದರೆ ತುಂಬಿದವು, ಇಲ್ಲದಿದ್ದರೆ ಬೇಸಿಗೆಯ ಹೊತ್ತಿಗೆ ತೂಬಿನ ಮುಂದೆ ಒಂದು ಗುಂಡಿ ನೀರು ಉಳಿಯುತ್ತದೆ. ಎಂಬತ್ತರ ದಶಕದ ಅಂಥದ್ದೊಂದು ಬೇಸಿಗೆಯಲ್ಲಿ ನಾನು ಆ ಗುಂಡಿಯಲ್ಲಿ ಗೋಣಿತಟ್ಟು, ಪಟ್ಟಿ, ಕೊಡೆ ಎಲ್ಲ ಸಜ್ಜು ಮಾಡಿಕೊಂಡು ಒಂದು ಕಾಟ್ಲಾದ ಫೋಟೋ ತೆಗೆಯುತ್ತಿದ್ದೆ. ಕುರಿಗೆ ನೀರು ಕುಡಿಸಲು ಬಂದವರೊಬ್ಬರು ಕೋಲೂರಿ ನಿಂತು ಎಲ್ಲ ನೋಡಿದರು.

"ಏನು ಮಾಡಾಕತ್ತೀರಿ?"

"ತಾಯಿ ಮೀನ್ರೀ. ಫೋಟೋ ತೆಗೆದು ನೀರಿಗೆ ಬಿಡ್ತೀವಿ."

"ನನ್ನ ಕುರಿ ನಾಲ್ಕು ದಿನ ಕುಡಿದ್ರೆ ಈ ನೀರೇ ಇರಾಕಿಲ್ಲ. ಎಲ್ಲಿಗೆ ಬಿಡ್ತೀರಿ?"

ಪೂರ್ವಪಕ್ಷ ಇಷ್ಟು ಚೊಕ್ಕವಾಗಿ ಮಂಡನೆಯಾದದ್ದನ್ನು ನಾನು ಕಾಲೇಜಿನಲ್ಲೂ ಕೇಳಿರಲಿಲ್ಲ. ಅಂದೇ ಚನ್ನಗಿರಿಗೆ ಫೋನು ಹಚ್ಚಿ ಸಾಹೇಬರಿಗೆ ಹೇಳಿದೆ: ಇಲ್ಲಿ ತಾಯಿ ಮೀನಿವೆ, ನೀರಿಲ್ಲ, ಅಲ್ಲಿ ನೀರಿದೆ. ಸಾಹೇಬರು ಮೇಲಿನವರ ಒಪ್ಪಿಗೆ ಪಡೆದು, ತಾಡಪಾಲು ಹಾಸಿ ನೀರು ತುಂಬಿದ ಲಾರಿಯೊಂದನ್ನು ಕಳಿಸಿದರು. ಹೊತ್ತು ಮೂಡುವಾಗ ಲಾರಿ ಬಂದು ನಿಂತಿತು. ಮುಂದಿನಿಂದ ಇಳಿದವನು ಹನುಮಂತಣ್ಣ. ಮೀನು ಹೋಗುವುದು ಅವನ ಕೆರೆಗೇ.

"ಏನ್ ಸಣ್ ಸಾಹೇಬ್ರೆ, ಇಲ್ಲೂ ಮೀನಿಗೆ ಕೊಡೆ ಹಿಡಿಯಾಕೆ ಶುರು ಮಾಡೀರಾ? ನಮ್ಮಾಕಿ ನಿಮ್ಮನ್ನ ಕೇಳ್ದೆ ಅಂತ ಹೇಳು ಅಂದ್ಳು."

ಆವತ್ತಿನಷ್ಟು ಹಗುರವಾಗಿ ನಾನು ಈ ಕೆಲಸ ಮಾಡಿದ್ದು ಅಪರೂಪ. ಕೆಸರಿನಲ್ಲಿ ತೊಡೆಯವರೆಗೆ ಇಳಿದು, ಒಂದೊಂದೇ ಮೀನನ್ನು ಒದ್ದೆ ಗೋಣಿತಟ್ಟಿನಲ್ಲಿ ಎತ್ತಿ, ಫೋಟೋ ತೆಗೆದು, ಲಾರಿಯ ನೀರಿಗೆ ಜಾರಿಸಿದೆವು. ಕೊಡೆಯನ್ನು ಆ ಕುರಿಯವರೇ ಹಿಡಿದರು. ಮೀನು ಜಾರಿದಾಗಲೆಲ್ಲ ತಾಡಪಾಲಿನಿಂದ ನೀರು ಚಿಮ್ಮಿ ಎಲ್ಲರ ಮುಖಕ್ಕೆ ಬೀಳುತ್ತಿತ್ತು. ಇಲ್ಲಿ ಬಿಟ್ಟದ್ದಕ್ಕೆ ಯಾರೂ ಸಾಕ್ಷಿ ಕೇಳುವಂತಿರಲಿಲ್ಲ. ಬಿಟ್ಟದ್ದು ಎದುರಿಗೇ ಬಾಲ ಬಡಿಯುತ್ತಿತ್ತು.

ಕೊನೆಯ ಮೀನು ದೊಡ್ಡದು. ಹನುಮಂತಣ್ಣ ಅದನ್ನು ಗೋಣಿತಟ್ಟಿನ ತೊಟ್ಟಿಲಿನಲ್ಲಿ ಮಲಗಿಸಿ ಹಿಡಿದ. ನಾನು ಕತ್ತರಿ ತೆಗೆದೆ. ಬಲಗಡೆಯದನ್ನು ನಾನು ಕತ್ತರಿಸಿದ ಕೂಡಲೇ ಅವನು ಕೈ ಚಾಚಿದ. ಕತ್ತರಿ ಕೊಟ್ಟೆ. ಎಡಗಡೆಯದರ ತುದಿಯನ್ನು ಸವರಿ ವಾಪಸು ಕೊಟ್ಟ. ನಾನು ಕ್ಯಾಮೆರಾ ಎತ್ತಿ ಫೋಟೋ ತೆಗೆದೆ. ರೀಲು ಮುಗಿಯಿತು. ಅವನು ಮೀನನ್ನು ಎತ್ತಿ ಲಾರಿಯ ಕಡೆ ಎರಡು ಹೆಜ್ಜೆ ಇಟ್ಟಿದ್ದ. ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಅವನ ಬೆನ್ನಿಗೇ ಕೇಳಿದೆ:

"ಹನುಮಂತಣ್ಣ, ನಾನಿಲ್ಲದ ದಿನ ನೀನು ಅವಕ್ಕೆ ಗುರುತು ಹಾಕಿದ್ದು ಯಾರು ನೋಡ್ಲಿ ಅಂತ?"